ಕಾಣದ ಉಡುಪಿನ ಅಳತೆ

ಊಟ ತನ್ನಿಷ್ಟ, ನೋಟ ಪರರಿಷ್ಟ ಎಂಬ ಗಾದೆ ನಮ್ಮಲ್ಲಿದೆ. ಉಣ್ಣುವುದು ನಮ್ಮ ನಾಲಿಗೆ ಒಪ್ಪುವಂತೆ, ಉಡುವುದು ನಾಲ್ಕು ಜನರ ಕಣ್ಣು ಒಪ್ಪುವಂತೆ ಎಂದು ಅದರ ಅರ್ಥ. ಹಾಗಾದರೆ ಯಾರ ಕಣ್ಣಿಗೂ ಬೀಳದೆ, ಬೆಳಗಿನಿಂದ ರಾತ್ರಿಯವರೆಗೆ ಮೈಗೆ ಅಂಟಿಕೊಂಡೇ ಇರುವ ಉಡುಪು ಯಾರ ಇಷ್ಟಕ್ಕೆ ಸೇರಿದ್ದು? ನಾನು ಹೇಳುತ್ತಿರುವುದು ಬ್ರಾ ವಿಷಯ. ನಮ್ಮ ತಾಯಂದಿರು ಅದನ್ನು ‘ಬಾಡಿ’ ಎನ್ನುತ್ತಿದ್ದರು, ಅದೂ ದನಿ ತಗ್ಗಿಸಿ. ನಾವು ಹೆಸರನ್ನು ಬದಲಾಯಿಸಿದ್ದೇವೆ, ದನಿಯನ್ನಲ್ಲ.

ರವಿಕೆಯ ವಿಷಯದಲ್ಲಿ ನಮ್ಮದು ಎಂಥ ಜೋರು! ದರ್ಜಿಗೆ ಅಳತೆಯ ರವಿಕೆ ಕೊಟ್ಟ ಮೇಲೂ ತೋಳು ಅರ್ಧ ಇಂಚು ಉದ್ದವಾಯಿತು, ಕಂಕುಳಲ್ಲಿ ಬಿಗಿಯಾಯಿತು ಎಂದು ಎರಡು ಸಲ ಬಿಚ್ಚಿಸಿ ಹೊಲಿಸುತ್ತೇವೆ. ಒಳಗಿನ ಉಡುಪಿನ ಮಾತು ಬಂದರೆ ನಾವೇ ಬೇರೆ. ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ, ಕೌಂಟರಿನ ಹುಡುಗನ ಮುಖ ನೋಡದೆ ‘34’ ಎಂದು ಪಿಸುಗುಟ್ಟಿ, ಕೊಟ್ಟದ್ದನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಚೀಲದ ತಳಕ್ಕೆ ತುರುಕುತ್ತೇವೆ. ಆ 34 ಎಲ್ಲಿಂದ ಬಂತು? ಮದುವೆಗೆ ಮುಂಚೆ ಅಕ್ಕನೋ ಅತ್ತಿಗೆಯೋ ಹೇಳಿದ ಅಂಕಿ ಅದು. ಎರಡು ಹೆರಿಗೆಯಾಗಿ, ಮಕ್ಕಳು ಹಾಲು ಬಿಟ್ಟು, ಮುಟ್ಟು ನಿಂತು, ಮೈ ನಾಲ್ಕು ಸಲ ಬದಲಾದರೂ ಅಂಕಿ ಮಾತ್ರ ಬದಲಾಗುವುದಿಲ್ಲ.

ಹಿಂದಿನವರ ಕುಪ್ಪಸಕ್ಕೆ ಈ ತೊಂದರೆ ಇರಲಿಲ್ಲ. ಗುಳೇದಗುಡ್ಡದ ಖಣದ ಕುಪ್ಪಸದ ಎರಡು ತುದಿಗಳನ್ನು ಎದೆಯ ಕೆಳಗೆ ಗಂಟು ಹಾಕಿದರೆ ಮುಗಿಯಿತು. ಬಸುರಿಗೆ ಗಂಟು ಸಡಿಲ, ಮೈ ಇಳಿದವಳಿಗೆ ಬಿಗಿ. ಬಟ್ಟೆ ಮೈಯ ಮಾತು ಕೇಳುತ್ತಿತ್ತು. ಸಿದ್ಧ ಉಡುಪು ಬಂದ ಮೇಲೆ ಮೈ ಬಟ್ಟೆಯ ಮಾತು ಕೇಳಬೇಕಾಯಿತು. ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎಂಬಾಕೆ ಕರವಸ್ತ್ರ, ರಿಬ್ಬನ್ನುಗಳಿಂದ ಹೊಲಿಸಿಕೊಂಡ ಒಳ ಉಡುಪಿಗೆ 1914ರಲ್ಲಿ ಪೇಟೆಂಟ್ ಪಡೆದಳು. 1930ರ ದಶಕದಲ್ಲಿ ಅಲ್ಲಿನ ತಯಾರಕರು ಅದರ ಬಟ್ಟಲಿಗೆ ಎ, ಬಿ, ಸಿ, ಡಿ ಎಂಬ ಅಕ್ಷರಗಳನ್ನು ಕೊಟ್ಟರು. ಅಂಕಿ ಪಕ್ಕೆಲುಬಿನ ಸುತ್ತಳತೆಗೆ, ಅಕ್ಷರ ಎದೆಯ ತುಂಬಿಗೆ. ನಾವೋ ಅಂಕಿ ಕಲಿತು ಅಕ್ಷರ ಬಿಟ್ಟವರು!

ಲೆಕ್ಕವೇನೂ ಕಷ್ಟದ್ದಲ್ಲ, ಮೂರನೇ ತರಗತಿಯ ಕಳೆಯುವ ಲೆಕ್ಕ. ಎದೆಯ ಕೆಳಗೆ ಟೇಪು ಸುತ್ತಿ ಅಳೆಯಿರಿ, 32 ಇಂಚು ಎನ್ನೋಣ. ಎದೆ ತುಂಬಿರುವ ಕಡೆ 35 ಇಂಚು. ವ್ಯತ್ಯಾಸ 1 ಇಂಚಾದರೆ ಎ, 2 ಆದರೆ ಬಿ, 3 ಆದರೆ ಸಿ. ಅಲ್ಲಿಗೆ ನಿಮ್ಮ ಅಳತೆ 32 ಸಿ. ಕಂಪನಿಯಿಂದ ಕಂಪನಿಗೆ ಹೊಲಿಗೆ ಬೇರೆಯಾದ್ದರಿಂದ ಇದು ಹುಡುಕಾಟದ ಮೊದಲ ಮೆಟ್ಟಿಲು ಮಾತ್ರ. ಕೊನೆಯ ತೀರ್ಪು ಮೈಯದೇ. ಭಾರ ಹೊರಬೇಕಾದ್ದು ಕೆಳಗಿನ ಪಟ್ಟಿ, ಹೆಗಲ ಪಟ್ಟಿಯಲ್ಲ. ಬಟ್ಟೆ ಒಣಹಾಕುವವರ ಹಾಗೆ ಎರಡೂ ಕೈ ಎತ್ತಿದಾಗ ಪಟ್ಟಿ ಬೆನ್ನ ಮೇಲೆ ಏರಬಾರದು. ಅದರೊಳಗೆ ಎರಡು ಬೆರಳು ಆಡಬೇಕು. ಹೊಸದರಲ್ಲಿ ತುದಿಯ ಕೊಕ್ಕೆಗೆ ಸಿಕ್ಕಿಸಿದರೆ, ಎಲಾಸ್ಟಿಕ್ ಸಡಿಲವಾದಂತೆ ಒಳಗಿನವು ಉಪಯೋಗಕ್ಕೆ ಬರುತ್ತವೆ. ಎರಡೂ ಕಡೆ ಒಂದೇ ಸಮ ಇರುವವರು ಕಡಿಮೆ. ದೊಡ್ಡ ಕಡೆಗೆ ಹೊಂದುವುದನ್ನು ಕೊಂಡು ಇನ್ನೊಂದು ಕಡೆಯ ಹೆಗಲ ಪಟ್ಟಿಯನ್ನು ಸ್ವಲ್ಪ ಎಳೆದುಕೊಂಡರಾಯಿತು.

ನಮ್ಮ ಶಾಲೆಯಲ್ಲಿ ಒಬ್ಬರು ಹಿರಿಯ ಟೀಚರ್ ಇದ್ದರು. ಅವರ ಎರಡೂ ಹೆಗಲಲ್ಲಿ ಗೀರು ಬಿದ್ದು ಹಳ್ಳವಾಗಿತ್ತು. ಬೋರ್ಡಿನ ಮೇಲೆ ಬರೆದು ಬರೆದು ಹೀಗಾಯಿತು ಎನ್ನುತ್ತಿದ್ದರು. ಹೊಸದಾಗಿ ಬಂದ ಹುಡುಗಿ ಒಬ್ಬಳು, ಹೊಲಿಗೆಯ ಪೀರಿಯಡ್ಡಿನ ಟೇಪು ಹಿಡಿದು, ಸ್ಟಾಫ್ ರೂಮಿನ ಬಾಗಿಲು ಹಾಕಿ, ‘ಬನ್ನಿ ಅಮ್ಮ’ ಎಂದಳು. ಅಂಕಿ ಒಂದು ಹಿಂದಕ್ಕೆ ಬಂತು, ಅಕ್ಷರ ಎರಡು ಮುಂದಕ್ಕೆ ಹೋಯಿತು. ವಾರದ ನಂತರ ಅವರು ಅಂದದ್ದು ಇಷ್ಟೇ: ‘ಇಪ್ಪತ್ತೆಂಟು ವರ್ಷ ಸಂಜೆ ಮನೆಗೆ ಹೋದವಳೇ ಮೊದಲು ಕೊಕ್ಕೆ ಬಿಚ್ಚುತ್ತಿದ್ದೆ ಕಣ್ರೇ. ನಿನ್ನೆ ಮರೆತೇ ಹೋಯಿತು.’

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮಗೆ ಕಲಿಸಿದ್ದಾರೆ. ದುಡ್ಡಿನ ವಿಷಯದಲ್ಲಿ ಅದು ಸರಿ. ಉದ್ದದ ಹಾಸಿಗೆ ಅಂಗಡಿಯಲ್ಲಿ ಅದೇ ಬೆಲೆಗೆ ಸಿಗುವಾಗಲೂ ಕಾಲು ಮಡಚಿಕೊಂಡೇ ಮಲಗುವುದಕ್ಕೆ ಏನೆನ್ನೋಣ? ಸಹನೆ ಎನ್ನುತ್ತೇವೆ. ಯಾರಿಗಾಗಿ ಸಹಿಸಿದೆವೋ ಅವರಿಗೆ ಲಾಭವಾದರೆ ಅದು ಸಹನೆ. ಹೆಗಲ ಮೇಲಿನ ಗೀರಿನಿಂದ ಗಂಡನಿಗಾಗಲಿ ಮಕ್ಕಳಿಗಾಗಲಿ ಏನು ಲಾಭ? ಇಷ್ಟೆಲ್ಲ ಮೈಯ ಮೇಲಿನ ವ್ಯಾಮೋಹವಲ್ಲವೇ ಎಂದು ನೀವು ಕೇಳಬಹುದು. ಕನ್ನಡಕದ ನಂಬರು ಹೇಳುವಾಗ ನಮಗೆ ವ್ಯಾಮೋಹದ ನೆನಪಾಗುವುದಿಲ್ಲ. ಚಪ್ಪಲಿ ಕೊಳ್ಳುವಾಗ ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆದು ನೋಡುತ್ತೇವೆ. ಅಲಂಕಾರ ಪರರಿಗೆ ಕಾಣಲೆಂದು ಮಾಡುವುದು. ಇದು ಯಾರಿಗೂ ಕಾಣದ್ದು. ಯಾರೂ ನೋಡದ ಕಡೆ ನಾವು ನಮ್ಮನ್ನು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದರಲ್ಲೇ ನಮಗೆ ನಮ್ಮ ಮೇಲಿರುವ ಗೌರವ ಎಷ್ಟೆಂದು ತಿಳಿಯುತ್ತದೆ.

ನಮ್ಮ ಪಾಡು ನಮಗಿರಲಿ ಎಂದು ಬಿಡಬಹುದಿತ್ತು, ಮಕ್ಕಳು ಇಲ್ಲದಿದ್ದರೆ. ಏಳನೇ ತರಗತಿಯಲ್ಲಿ ಓಟಕ್ಕೆ ಮೊದಲು ಬರುತ್ತಿದ್ದ ಹುಡುಗಿ ಎಂಟಕ್ಕೆ ಬಂದವಳೇ ಪುಸ್ತಕಗಳನ್ನು ಎದೆಗೆ ಅವಚಿಕೊಂಡು, ಬೆನ್ನು ಬಾಗಿಸಿ ನಡೆಯುತ್ತಾಳೆ. ಆಟದ ಪೀರಿಯಡ್ಡಿನಲ್ಲಿ ‘ಹೊಟ್ಟೆನೋವು, ಮಿಸ್’ ಎಂದು ಕೂರುತ್ತಾಳೆ. ತಾಯಿಯನ್ನು ಕರೆಸಿ ಹೇಳಿದರೆ, ‘ಅದೆಲ್ಲ ಅವಳ ಹತ್ತಿರ ಹೇಗೆ ಮಾತಾಡೋದು ಮಿಸ್, ನಾಚಿಕೆ ಆಗುತ್ತೆ’ ಎನ್ನುತ್ತಾರೆ. ಮೈಯನ್ನು ನಮ್ಮ ಸ್ವಂತದ್ದೆಂದು ಗುಟ್ಟಾಗಿ ಇಟ್ಟುಕೊಳ್ಳುವುದು ಒಂದು, ತಪ್ಪು ಮಾಡಿದವರಂತೆ ಅದನ್ನು ಬಚ್ಚಿಡುವುದು ಇನ್ನೊಂದು. ಮಾತಾಡದೆ ಇದ್ದರೆ ಮಗಳು ಮೊದಲನೆಯದನ್ನು ಕಲಿಯುವುದಿಲ್ಲ, ಎರಡನೆಯದನ್ನು ಕಲಿಯುತ್ತಾಳೆ.

ಬಾಗಿಲು ಹಾಕಿದ ಕೋಣೆ, ಒಂದು ಟೇಪು, ಹತ್ತು ನಿಮಿಷ, ಇಷ್ಟೇ ಬೇಕಾದದ್ದು. ಮಗಳ ಅಳತೆಗೆ ಮೊದಲು ನಿಮ್ಮ ಅಳತೆ ತೆಗೆದುಕೊಳ್ಳಿ. ಟೇಪಿನ ತುದಿಯನ್ನು ಅವಳ ಕೈಗೇ ಕೊಡಿ, ಅಂಕಿ ಅಕ್ಷರ ಎರಡನ್ನೂ ಅವಳೇ ಓದಿ ಹೇಳಲಿ.