ತ್ಯಾಜ್ಯವೆಂಬುದು ಯಾರಿಗೆ?

ಸಸ್ಯಗಳ ಒಡಲಿನಿಂದ ಇಂಧನವನ್ನೂ ರಸಾಯನಗಳನ್ನೂ ತೆಗೆಯುವ ಉದ್ಯಮವು ನಮ್ಮ ಕಾಲದ ಸಾಹಸಗಳಲ್ಲೊಂದು. 2025ರಲ್ಲಿ ನಮ್ಮ ದೇಶದ ಪೆಟ್ರೋಲಿನಲ್ಲಿ ಇಥೆನಾಲಿನ ಪ್ರಮಾಣವು ನೂರಕ್ಕೆ 20ನ್ನು ಮುಟ್ಟಿತು. ಅದರ ಬಹುಭಾಗವು ಕಬ್ಬು, ಗೋವಿನಜೋಳ, ಅಕ್ಕಿಗಳಿಂದ ಬಂದುದು. ಅನ್ನವನ್ನು ಗಾಡಿಗೆ ಉಣಿಸಬಹುದೆ ಎಂದು ಆಕ್ಷೇಪಿಸುವವರಿಗೆ ವಿಜ್ಞಾನಿಗಳು ಕೊಡುವ ಉತ್ತರವೂ ಸಿದ್ಧವಾಗಿದೆ: ಕಾಳು ನಿಮಗಿರಲಿ, ಕೃಷಿತ್ಯಾಜ್ಯವನ್ನು ನಮಗೆ ಕೊಡಿರಿ. ಮೇಲುನೋಟಕ್ಕೆ ಇದಕ್ಕಿಂತ ನಿರ್ದೋಷವಾದ ಮಾತು ಇನ್ನೊಂದಿರಲಾರದು.

ಆದರೆ ತ್ಯಾಜ್ಯವೆಂದರೆ ಬಿಡತಕ್ಕದ್ದು. ಬಿಡುವವರು ಯಾರು? ನಮ್ಮ ಜತ್ತ ತಾಲೂಕಿನಲ್ಲಿ ಜೋಳದ ರಾಶಿ ಮುಗಿದ ಮೇಲೆ ಕಣಿಕೆಯ ಸಿವುಡುಗಳನ್ನು ಬಣಿವೆಯೊಟ್ಟುವಾಗ ರೈತನು ತೋರುವ ಜಾಗರೂಕತೆಯನ್ನು ಕಂಡವರು ಅದನ್ನು ಆ ಹೆಸರಿನಿಂದ ಕರೆಯಲಾರರು. ಕಾಳು ಮನೆಯವರಿಗೆ, ಕಣಿಕೆ ಕೊಟ್ಟಿಗೆಗೆ. ತೊಗರಿಯ ಕಟ್ಟಿಗೆ ಒಲೆಗೆ. ಹೊಲದಲ್ಲುಳಿದ ಕೂಳೆಯೂ ಕುರಿಗಳ ಪಾಲು.

ವಿಚಿತ್ರವೆಂದರೆ, ಕಾರ್ಖಾನೆಯೂ ಎತ್ತೂ ಬಯಸುವುದು ಒಂದೇ ಆಹಾರವನ್ನು. ಕಣಿಕೆಯಲ್ಲಿರುವ ಸೆಲ್ಯುಲೋಸ್ ಎಂಬುದು ಸಕ್ಕರೆಯ ಕಣಗಳನ್ನು ಪೋಣಿಸಿದ ಸರ. ಕಾಳಿನ ಪಿಷ್ಟವೂ ಅಂಥದೇ ಸರ, ಪೋಣಿಸಿದ ಬಗೆ ಮಾತ್ರ ಬೇರೆ. ಆ ಗಂಟನ್ನು ಬಿಚ್ಚಲು ಮನುಷ್ಯನ ಜಠರಕ್ಕೆ ಬಾರದು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಬಿಚ್ಚಬಲ್ಲವು. ಕಾರ್ಖಾನೆಯಲ್ಲಿ ಹುಲ್ಲನ್ನು ಉಗಿಯಿಂದಲೂ ಆಮ್ಲದಿಂದಲೂ ಸಡಿಲಿಸಿ, ಕಿಣ್ವಗಳಿಂದ ಸಕ್ಕರೆಯಾಗಿಸಿ, ಹುದುಗೆಬ್ಬಿಸುತ್ತಾರೆ. ಹೀಗೆ ನೋಡಿದರೆ ಅದು ಉಕ್ಕಿನ ಎತ್ತೇ ಸರಿ. ಸೆಗಣಿಯನ್ನು ಮಾತ್ರ ಹೊಲಕ್ಕೆ ಕೊಡದು.

2022ರ ಆಗಸ್ಟಿನಲ್ಲಿ ಹರಿಯಾಣದ ಪಾಣಿಪತ್ತಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಇಂಥ ಕಾರ್ಖಾನೆಯೊಂದು ಉದ್ಘಾಟನೆಗೊಂಡಿತು. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಇಥೆನಾಲ್ ತೆಗೆಯುವ ಯೋಜನೆ ಅದರದು. ಆ ಸೀಮೆಯಲ್ಲಿ ಹುಲ್ಲಿಗೆ ಬೆಂಕಿಯಿಟ್ಟು ಹೊಗೆಯಿಂದ ದಿಲ್ಲಿಯವರೆಗೂ ಕಣ್ಣು ಉರಿಸುತ್ತಿದ್ದರಾದುದರಿಂದ ಅಲ್ಲಿ ಇದು ಸತ್ಕಾರ್ಯವೆಂದೇ ಒಪ್ಪುತ್ತೇನೆ. ಅದೇ ಲೆಕ್ಕವನ್ನು ತರಗತಿಯ ಹಲಗೆಯ ಮೇಲೆ ಬರೆದು ನಮ್ಮೂರಿಗೆ ಅನ್ವಯಿಸಿ ನೋಡಿದೆ. ಟನ್ನಿಗೆ 150 ಲೀಟರ್. ದಿನಕ್ಕೆ ಏಳು ಕಿಲೋ ಒಣಮೇವು ತಿನ್ನುವ ಎತ್ತಿಗೆ ವರ್ಷಕ್ಕೆ ಎರಡೂವರೆ ಟನ್ ಬೇಕು. ಎಂದರೆ ಒಂದೆತ್ತಿನ ವರ್ಷದ ಕೂಳು ಸುಮಾರು 375 ಲೀಟರ್ ಇಂಧನ.

ರೈತನು ತನ್ನ ಇಚ್ಛೆಯಿಂದ ಮಾರಿದರೆ ಅಡ್ಡಿಯೇನೆಂದು ಕೇಳಬಹುದು. 1972ರ ಬರದಲ್ಲಿ ನಾನು ಹತ್ತು ವರ್ಷದ ಹುಡುಗ. ನಮ್ಮ ನೆರೆಮನೆಯವರು ದಲಾಲಿಯೊಬ್ಬನು ತೋರಿಸಿದ ದುಡ್ಡಿಗೆ ಬಣಿವೆಯನ್ನು ಕೊಟ್ಟರು. ಮನೆಯಲ್ಲಿ ಜೋಳ ತೀರಿತ್ತು. ಎರಡು ತಿಂಗಳಲ್ಲಿ ಎತ್ತುಗಳೂ ಸಂತೆಗೆ ಹೋದವು. ಮುಂದಿನ ಮಳೆಗಾಲದಲ್ಲಿ ಬಿತ್ತಲು ಅವರು ನಮ್ಮ ತಂದೆಯವರ ಎತ್ತುಗಳಿಗಾಗಿ ಕಾಯಬೇಕಾಯಿತು. ಅವರು ಮಾಡಿದ್ದು ತಪ್ಪೆಂದು ನಮ್ಮ ತಂದೆಯವರು ಒಮ್ಮೆಯೂ ಅನ್ನಲಿಲ್ಲ, ನಾನೂ ಅನ್ನಲಾರೆ. ಆದರೆ ಅದನ್ನು ಇಚ್ಛೆಯೆಂದು ಕರೆಯಲು ನನ್ನ ನಾಲಗೆ ಏಳದು. ಇನ್ನು ಎತ್ತಿನ ಒಪ್ಪಿಗೆಯನ್ನಂತೂ ಯಾವ ಕರಾರುಪತ್ರದಲ್ಲಿಯೂ ಕಾಣೆವು.

ಈಗ ಎತ್ತುಗಳು ಕಡಿಮೆಯಾಗಿ ಟ್ರ್ಯಾಕ್ಟರುಗಳು ಬಂದಿವೆಯೆಂಬುದು ದಿಟ. ಆದರೂ ಎಮ್ಮೆ ಆಕಳುಗಳ ಹಾಲೇ ಅನೇಕ ಮನೆಗಳ ಸಂಬಳ. 2012–13ರಲ್ಲಿಯೂ 2018–19ರಲ್ಲಿಯೂ ಮೇವಿನ ಬರವನ್ನು ನಾವು ಕಂಡವರು.

ಬೇರೆ ದಾರಿಯಿಲ್ಲವೆಂದೇನೂ ಅಲ್ಲ. ಸಾತಾರಾ ಜಿಲ್ಲೆಯ ಫಲಟಣದಲ್ಲಿರುವ ನಿಂಬಕರ ಕೃಷಿ ಸಂಶೋಧನ ಸಂಸ್ಥೆಯವರು ಸಿಹಿಜೋಳದ ಮೇಲೆ ದೀರ್ಘಕಾಲ ದುಡಿದು ‘ಮಧುರಾ’ ಎಂಬ ತಳಿಯನ್ನು ಹೊರತಂದರು. ಅದರ ತೆನೆ ಮನುಷ್ಯನಿಗೆ, ದಂಟಿನ ರಸ ಇಥೆನಾಲಿಗೆ, ಹಿಂಡಿ ಉಳಿದ ಸಿಪ್ಪೆ ದನಗಳಿಗೆ. ಎಲ್ಲರ ಪಾಲನ್ನೂ ನೆನಪಿಟ್ಟ ಬೆಳೆಯದು. ಆದರೆ ರಸವು ಕೆಲವೇ ತಾಸುಗಳಲ್ಲಿ ಕೆಡುವುದು, ಸುಗ್ಗಿ ಕೆಲವೇ ವಾರಗಳದು. ದೊಡ್ಡ ಕಾರ್ಖಾನೆಯೋ ವರ್ಷವಿಡೀ ನುರಿಸಬೇಕು. ಬೀಡುಬಿದ್ದ ಹೊಲಗಳನ್ನು ಆವರಿಸುವ ಬಳ್ಳಾರಿ ಜಾಲಿಯನ್ನು ಒಯ್ಯುವುದಾದರೆ ನಾನೇ ಕೊಡಲಿ ಹಿಡಿದು ಮುಂದೆ ನಿಲ್ಲುವೆನು.

ಈ ಲೆಕ್ಕ ಹಲಗೆಯ ಮೇಲಿದ್ದ ದಿನ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದುನಿಂತು, “ಗುರುಗಳೇ, ಮಳೆ ಬಾರದ ವರ್ಷ ಕಾರ್ಖಾನೆ ಉಪವಾಸ ಇರತದೇನ್ರಿ?” ಎಂದು ಕೇಳಿದಳು. ಸಾಲ ಮಾಡಿ ಕಟ್ಟಿದ ಕಾರ್ಖಾನೆ ಉಪವಾಸವಿರಲಾರದು, ಹೆಚ್ಚಿನ ಬೆಲೆ ಕೊಟ್ಟಾದರೂ ಕೊಳ್ಳುವುದು ಎಂದೆ. “ಹಂಗಾದ್ರ ಆ ವರ್ಷ ನಮ್ಮ ಆಕಳಿಗೆ?” ಎಂದಳು. ಅಷ್ಟರಲ್ಲಿ ಗಂಟೆ ಬಾರಿಸಿತು. ಲೆಕ್ಕವನ್ನು ಅಳಿಸದೆ ಹಾಗೆಯೇ ಬಿಟ್ಟು ಬಂದೆ.