ಅರ್ಧಕ್ಕೆ ನಿಂತ ಸಂಸ್ಕಾರ

ಪ್ರಶ್ನೆ: ನಮ್ಮ ಮಗ ದಕ್ಷಿಣ ಆಫ್ರಿಕಾದಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ಸಹೋದ್ಯೋಗಿ ಖೋಸಾ ಜನಾಂಗದವರು. ಅವರ ಹುಡುಗನನ್ನು ‘ಗಂಡಸಾಗುವ’ ಸಂಸ್ಕಾರಕ್ಕೆ ಬೆಟ್ಟಕ್ಕೆ ಕಳಿಸಿದ್ದರು. ಗಾಯಕ್ಕೆ ನಂಜಾಗಿ ಮಧ್ಯದಲ್ಲೇ ಆಸ್ಪತ್ರೆಗೆ ಸೇರಿಸಿದರು. ಈಗ ಊರವರು ಅವನು ಗಂಡಸೇ ಅಲ್ಲ ಅನ್ನುತ್ತಾರಂತೆ. ಇದು ಧರ್ಮವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಅವರ ಕರ್ಮಕ್ಕೆ ನಾನು ಅಧಿಕಾರಿಯಲ್ಲ. ಓದಿ ತಿಳಿದಷ್ಟು ಹೇಳುತ್ತೇನೆ.

ಈ ಸಂಸ್ಕಾರಕ್ಕೆ ಉಲ್ವಾಲುಕೊ ಅಂತ ಹೆಸರು. ಹುಡುಗರಿಗೆ ಸುನ್ನತಿ ಮಾಡಿ, ಮೈಗೆ ಬಿಳಿ ಜೇಡಿ ಬಳಿದು, ಊರಾಚೆ ಗುಡಿಸಲಲ್ಲಿ ವಾರಗಟ್ಟಲೆ ಇರಿಸುತ್ತಾರೆ. ಮುಗಿದ ಮೇಲೆ ಗುಡಿಸಲಿಗೆ ಬೆಂಕಿ. ಹುಡುಗರು ಹಿಂತಿರುಗಿ ನೋಡಬಾರದು. ಹೊಸ ಕಂಬಳಿ, ಹೊಸ ಹೆಸರು. ದಂಡ, ಮೇಖಲೆ, ಅಜಿನ ಬಿಟ್ಟು ಹೊಸ ವಸ್ತ್ರ ಉಡುವ ನಮ್ಮ ಸಮಾವರ್ತನೆ ನೆನಪಾಗುವುದಿಲ್ಲವೇ? ನಾವು ಅದನ್ನು ಮದುವೆಯ ಹಿಂದಿನ ದಿನ ಅರ್ಧ ಗಂಟೆಯಲ್ಲಿ ಮುಗಿಸುತ್ತೇವೆ. ಆದ್ದರಿಂದ ಅನಾಗರಿಕ ಅಂತ ದಯವಿಟ್ಟು ಅನ್ನಬೇಡಿ.

ಆದರೆ ಹುಡುಗರು ಸಾಯುತ್ತಿರುವುದೂ ನಿಜ. ಪಳಗದ ಕೈ, ನಂಜು, ನೀರು ಕುಡಿಯಲು ಬಿಡದ ಕಟ್ಟಳೆ. 2021ರಲ್ಲಿ ಅಲ್ಲಿನ ಸರ್ಕಾರ ಕಾನೂನನ್ನೇ ಮಾಡಿತು. 16 ತುಂಬದವರನ್ನು ಸೇರಿಸಬಾರದು, ವೈದ್ಯರ ತಪಾಸಣೆ ಆಗಿರಬೇಕು.

ಊರವರ ಮಾತಿನಲ್ಲಿ ಬರೀ ಕ್ರೌರ್ಯವಿಲ್ಲ. ಮುಖ್ಯಸ್ಥನ ಮಗನಿಗೂ ದನ ಕಾಯುವವನ ಮಗನಿಗೂ ಅದೇ ಜೇಡಿ, ಅದೇ ನೋವು. ಒಬ್ಬನಿಗೆ ಸಡಿಲಿಸಿದರೆ ಉಳಿದವರೂ ಜಾರುತ್ತಾರೆ ಅನ್ನುವ ಭಯ. ಆ ಭಯ ನನಗೆ ಅರ್ಥವಾಗುತ್ತೆ.

ಮೂವತ್ತು ವರ್ಷದ ಹಿಂದೆ ಒಂದು ಛತ್ರದಲ್ಲಿ ಉಪನಯನ ಮಾಡಿಸುತ್ತಿದ್ದೆ. ಹೊಗೆ, ಸೆಕೆ, ವಟು ತಲೆ ಸುತ್ತಿ ಬಿದ್ದ. ಅಜ್ಜ “ಮುಹೂರ್ತ ಮೀರುತ್ತೆ, ಎಬ್ಬಿಸಿ ಕೂರಿಸಿ” ಅಂದರು. ನಿಜ ಹೇಳಬೇಕೆಂದರೆ ನಾನೂ ಗಡಿಯಾರವನ್ನೇ ನೋಡಿದೆ. ತಾಯಿ ಬಂದು ಮಗುವನ್ನು ಎತ್ತಿಕೊಂಡು ಹೋದರು, ನಮ್ಮ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಅವನು ಸುಧಾರಿಸಿಕೊಂಡ ಮೇಲೆ ಬೇರೆ ಲಗ್ನ ನೋಡಿ, ಪ್ರಾಯಶ್ಚಿತ್ತ ಹೋಮ ಮಾಡಿ ಮುಂದುವರಿಸಿದೆವು. ಆ ಹೋಮಕ್ಕೆ ಕೂತದ್ದು ತಂದೆ, ಮಾಡಿಸಿದ್ದು ನಾನು. ಲೋಪ ನಮ್ಮದು, ಮಗುವಿನದಲ್ಲ. ಅವನು ಅರ್ಧ ವಟು ಅಂತ ಇವತ್ತಿಗೂ ಯಾರೂ ಅಂದಿಲ್ಲ.

ನಿಮ್ಮ ಮಗನ ಸ್ನೇಹಿತರು ತಮ್ಮ ಹಿರಿಯರನ್ನು ಇದನ್ನೇ ಕೇಳಬಹುದು: ಗಾಯ ಕೆಟ್ಟದ್ದು ಹುಡುಗನ ಲೋಪವೋ, ಕಾಯಬೇಕಾಗಿದ್ದವರದೋ? ನೆಲ್ಸನ್ ಮಂಡೇಲಾ ಕೂಡ 1934ರಲ್ಲಿ, 16ನೇ ವಯಸ್ಸಿನಲ್ಲಿ ಈ ಸಂಸ್ಕಾರಕ್ಕೆ ಕೂತವರು. ಆ ಕ್ಷಣದಲ್ಲಿ “ನಾನು ಗಂಡಸು” ಎಂದು ಕೂಗಬೇಕು. ಬೇರೆ ಹುಡುಗರಷ್ಟು ಥಟ್ಟನೆ ತಾನು ಕೂಗಲಿಲ್ಲ, ನಾಚಿಕೆಯಾಯಿತು ಅಂತ ಆತ್ಮಕಥೆಯಲ್ಲಿ ತಾವೇ ಬರೆದುಕೊಂಡಿದ್ದಾರೆ.

ಇನ್ನೊಂದು ಮಾತು. ಸಂಸ್ಕಾರ ಮುಗಿಸಿ ಬಂದವರಿಗೆ ಉಡುಗೊರೆ ಕೊಡುವ ಪದ್ಧತಿ ಅಲ್ಲಿದೆ. ಮಂಡೇಲಾರಿಗೆ ಎರಡು ಕಡಸು, ನಾಲ್ಕು ಕುರಿ ಸಿಕ್ಕಿದ್ದವು. ನಿಮ್ಮ ಮಗ ಆ ಹುಡುಗನನ್ನು ನೋಡಲು ಹೋಗುವಾಗ ಬರಿಗೈಯಲ್ಲಿ ಹೋಗೋದು ಬೇಡ. ಏನು ಕೊಡಬಹುದು ಅಂತ ತಂದೆಯನ್ನು ಕೇಳಿಕೊಂಡು ಕೊಡಲಿ.