ಒಂದೇ ಕುರ್ಚಿಯ ರೈಲು

ಒಂದು ಯಂತ್ರವನ್ನು 'ಇದ್ದದ್ದು ಇದ್ದ ಹಾಗೆ' ತೋರಿಸುವುದು ಅಂದರೆ ಏನು? ಅದರ ಉದ್ದ, ಅಗಲ, ತೂಕ, ವೇಗ, ಬಣ್ಣ ಇಷ್ಟನ್ನು ಸರಿಯಾಗಿ ಕೊಟ್ಟುಬಿಟ್ಟರೆ ಸಾಕೆ? ಅದನ್ನು ಕಟ್ಟಿದವರು, ಓಡಿಸಿದವರು, 'ನಾವು ಓಡಿಸೋದಿಲ್ಲ' ಅಂತ ಕೈಕಟ್ಟಿ ನಿಂತವರು ಆ ಯಂತ್ರದ ಸತ್ಯದೊಳಗೆ ಸೇರುತ್ತಾರೋ ಇಲ್ಲವೋ? ಈ ಪ್ರಶ್ನೆ ನಮಗೆ ಎದುರಾಗಿರುವುದು ಒಂದು ಆಟದ ಮೂಲಕ. ಆಟವೆಂದು ತಳ್ಳಿಹಾಕುವಂತಿಲ್ಲ.

ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟಗಳಿವೆ. ಮೈಕ್ರೋಸಾಫ್ಟ್ ಕಂಪನಿ 2001ರಲ್ಲಿ ಅಂಥದ್ದೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಕಂಪನಿ ಅದನ್ನು ಕೈಬಿಟ್ಟ ಮೇಲೂ ಆಟ ಸಾಯಲಿಲ್ಲ. ಆಡುವವರೇ ಸೇರಿ 'ಓಪನ್ ರೇಲ್ಸ್' ಎಂಬ ಉಚಿತ ತಂತ್ರಾಂಶ ಕಟ್ಟಿ, ಹಳೆಯ ಆಟದ ಎಂಜಿನು, ಬೋಗಿ, ಹಳಿಗಳೆಲ್ಲ ಅದರಲ್ಲೂ ಓಡುವಂತೆ ಮಾಡಿದರು. ಎಂಜಿನ್ನಿನ ಗುಣವೆಲ್ಲ ಒಂದು ಸಾದಾ ಅಕ್ಷರಗಳ ಕಡತದಲ್ಲಿರುತ್ತದೆ. ತೂಕ ಎಷ್ಟು, ಎಳೆಯುವ ಬಲ ಎಷ್ಟು, ಬ್ರೇಕು ಹೇಗೆ ಹಿಡಿಯುತ್ತದೆ ಎಂಬುದನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ಜ್ಞಾನವನ್ನು ಬೀಗ ಹಾಕಿ ಇಟ್ಟುಕೊಂಡವರನ್ನೇ ಕಂಡು ಬಂದ ನಮಗೆ ಇದು ಸಣ್ಣ ಮಾತಲ್ಲ. ಬಿಡುವಿನಲ್ಲಿ ಕೂತು, ಬಿಡಿಗಾಸೂ ಕೇಳದೆ, ಹಳೆಯ ನಕ್ಷೆ ನೋಡಿ ಒಂದೊಂದು ಮೊಳೆಯನ್ನೂ ಎಣಿಸಿ ರೈಲು ಕಟ್ಟುವವರ ದುಡಿಮೆಯನ್ನು ನಾವು ಗೌರವಿಸುತ್ತೇವೆ. ನಮ್ಮ ತಕರಾರು ಮೊಳೆ ಎಣಿಸುವುದರ ಮೇಲಲ್ಲ, ಎಣಿಕೆ ಮೊಳೆಗೇ ನಿಂತುಹೋಗುವುದರ ಮೇಲೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬ್ರಿಟಿಷ್ ರೈಲು ಇಲಾಖೆ ಡರ್ಬಿ ಪಟ್ಟಣದಲ್ಲಿ ಒಂದು ಪ್ರಯೋಗದ ರೈಲು ಕಟ್ಟಿತು. ಹೆಸರು ಎ.ಪಿ.ಟಿ.-ಇ. ನಾಲ್ಕು ಗಾಡಿ, ಗ್ಯಾಸ್ ಟರ್ಬೈನ್ ಎಂಜಿನು. ಹೊಸ ಹಳಿ ಹಾಕಲು ದುಡ್ಡಿಲ್ಲ. ಇರುವ ಹಳೆಯ ಅಂಕುಡೊಂಕಿನ ಹಳಿಯ ಮೇಲೇ ಜೋರಾಗಿ ಓಡಬೇಕು. ಅದಕ್ಕೆ ತಿರುವಿನಲ್ಲಿ ಗಾಡಿ ತಾನೇ 9 ಡಿಗ್ರಿಯವರೆಗೆ ಒಳಕ್ಕೆ ವಾಲುವ ಹಾಗೆ ಮಾಡಿದರು. 1975ರ ಆಗಸ್ಟಿನಲ್ಲಿ ಅದು ಗಂಟೆಗೆ 245 ಕಿಲೋಮೀಟರ್ ವೇಗ ಮುಟ್ಟಿತು. ಮರುವರ್ಷವೇ ವಸ್ತು ಸಂಗ್ರಹಾಲಯ ಸೇರಿತು. ಇಂಥದ್ದು ಕಟ್ಟಿದ್ದು ಇದೊಂದೇ. ಆಟಕ್ಕೆ ಹಳೆಯ ರೈಲು ಸೇರಿಸುವವರಿಗೆ ಇದಕ್ಕಿಂತ ಆಸೆ ಹುಟ್ಟಿಸುವ ರೈಲು ಯಾವುದಿದ್ದೀತು?

ಆದರೆ ಈ ರೈಲಿನ ಕಥೆಯಲ್ಲಿ ವೇಗಕ್ಕಿಂತ ದೊಡ್ಡದು ಅದು ನಿಂತಿದ್ದ ಕಾಲ. 1972ರ ಜುಲೈ 25ರಂದು ಅದು ಮೊದಲ ಸಲ ಮುಖ್ಯ ಹಳಿಗೆ ಇಳಿಯಿತು. ಅಷ್ಟರಲ್ಲೇ ಡ್ರೈವರುಗಳ ಸಂಘ ಆಸ್ಲೆಫ್ ಅದಕ್ಕೆ ಬಹಿಷ್ಕಾರ ಹಾಕಿತು. ಕಾರಣ? ಎಂಜಿನ್ ಕೋಣೆಯಲ್ಲಿ ಡ್ರೈವರಿಗೆ ಒಂದೇ ಕುರ್ಚಿ ಇತ್ತು! ಕುರ್ಚಿ ಒಂದೇ ಅಂದರೆ ಪಕ್ಕದಲ್ಲಿ ಕೂರುವ ಎರಡನೆಯವನ ಕೆಲಸ ಹೋಯಿತು ಅಂತ ಅರ್ಥ. ಇದನ್ನು ಯಾರೂ ಆದೇಶದಲ್ಲಿ ಬರೆದಿರಲಿಲ್ಲ. ಆದರೆ ನಕ್ಷೆ ಬರೆದವನ ಪೆನ್ಸಿಲ್ಲೇ ಆದೇಶ ಹೊರಡಿಸಿಬಿಟ್ಟಿತ್ತು. ಕಾರ್ಮಿಕರು ಅದನ್ನು ಸರಿಯಾಗಿಯೇ ಓದಿಕೊಂಡರು. ಸುಮಾರು ಒಂದು ವರ್ಷ ಆ ರೈಲು ಮುಖ್ಯ ಹಳಿಯ ಮೇಲೆ ಓಡಲಿಲ್ಲ. ಅದೇ ಕಾಲದ ಇನ್ನೊಂದು ಪ್ರಯೋಗದ ರೈಲಿನಲ್ಲೂ ನಡುಮಧ್ಯೆ ಒಂದೇ ಕುರ್ಚಿಯಿತ್ತು, ಅಲ್ಲೂ ಜಗಳವಾಯಿತು. 1976ರಲ್ಲಿ ಆ ಜಾತಿಯ ರೈಲು ಜನರ ಸೇವೆಗೆ ಬಂದಾಗ ಅದರೊಳಗೆ ಎರಡು ಕುರ್ಚಿಗಳಿದ್ದವು. ಮುಷ್ಕರದ ಗುರುತು ಲೋಹದಲ್ಲೇ ಅಚ್ಚೊತ್ತಿ ನಿಂತಿತು.

ಈಗ ಎ.ಪಿ.ಟಿ.-ಇ ರೈಲನ್ನು ಆಟಕ್ಕೆ ತನ್ನಿ. ಆಟದಲ್ಲಿ ಕೂರುವವನು ಒಬ್ಬನೇ. ಎದುರು ಗಾಜು, ಕೈಯಲ್ಲಿ ಹಿಡಿಕೆ, ಪಕ್ಕದಲ್ಲಿ ಯಾರೂ ಇಲ್ಲ. ಯಾವುದಕ್ಕಾಗಿ ಡ್ರೈವರುಗಳು ಕೆಲಸ ನಿಲ್ಲಿಸಿದರೋ ಅದು ಇಲ್ಲಿ ಯಾವ ಜಗಳವೂ ಇಲ್ಲದೆ ಗೆದ್ದುಬಿಟ್ಟಿದೆ. ಆಡಳಿತ ಮಂಡಳಿಯ ಕನಸು ನಮ್ಮ ಮನೆಯ ಮೇಜಿನ ಮೇಲೆ ನನಸಾಗಿದೆ. ಆಡುವ ಹುಡುಗನಿಗೆ ಆ ಕುರ್ಚಿ ಬರೀ ಕುರ್ಚಿ. ಅದರ ಸುತ್ತ ನಡೆದ ಹೋರಾಟದ ಒಂದು ಚೂರು ಸದ್ದೂ ಅವನ ಕಿವಿಗೆ ಬೀಳುವುದಿಲ್ಲ.

'ಅಲ್ರೀ, ಆಟಕ್ಕೆಲ್ಲ ಯಾಕ್ರೀ ರಾಜಕೀಯ?' ಅಂತ ಕೇಳುವವರಿದ್ದಾರೆ. ಸರಿ, ಕೇಳಲಿ. ಕಲ್ಲಿದ್ದಲ ಎಂಜಿನ್ನಿನ ಮಾತನ್ನೇ ನೋಡಿ. ನಿಜದ ಎಂಜಿನ್ನಿನಲ್ಲಿ ಫೈರ್‌ಮನ್ ಒಬ್ಬನಿದ್ದ. ಬೆಂಕಿಯ ಬಾಯಿಗೆ ಎದೆಯೊಡ್ಡಿ, ಓಡುವ ಗಾಡಿಯ ಮೇಲೆ ಟನ್ನುಗಟ್ಟಲೆ ಕಲ್ಲಿದ್ದಲು ಎತ್ತಿ ಹಾಕುತ್ತಿದ್ದ. ಓಪನ್ ರೇಲ್ಸ್‌ನಲ್ಲಿ ಆ ಕೆಲಸವನ್ನು ಕಂಪ್ಯೂಟರೇ ಮಾಡಿಕೊಳ್ಳುತ್ತದೆ. ನಾವೇ ಮಾಡುತ್ತೇವೆ ಅಂದರೂ ಅದು ಕೀಲಿ ಒತ್ತುವ ಕೆಲಸ. ಡ್ರೈವರ್ ಮನುಷ್ಯ, ಫೈರ್‌ಮನ್ ಒಂದು ಲೆಕ್ಕಾಚಾರ! ಯಾರನ್ನು ಮನುಷ್ಯನಾಗಿ ಉಳಿಸಿಕೊಳ್ಳಬೇಕು, ಯಾರನ್ನು ಕರಗಿಸಿ ಬಿಡಬೇಕು ಅಂತ ತೀರ್ಮಾನಿಸುವುದು ರಾಜಕೀಯವಲ್ಲದೆ ಮತ್ತೇನು? ಯಾರ ಹುನ್ನಾರವೂ ಇಲ್ಲದೆಯೇ ಇದು ನಡೆದುಹೋಗುತ್ತದೆ ಎಂಬುದೇ ಭಯ ಹುಟ್ಟಿಸುವ ಸಂಗತಿ. ದೇವಸ್ಥಾನ ಕಟ್ಟಿದ ಒಡ್ಡರ ಹೆಸರು ಯಾವ ಶಾಸನದಲ್ಲಿ ಹುಡುಕುತ್ತೀರಿ?

ನಮ್ಮ ನೆಲದ ಬೋಗಿಗಳನ್ನೂ ಈ ಆಟಗಳಿಗೆ ಸೇರಿಸಿದವರಿದ್ದಾರೆ. ಪೆರಂಬೂರಿನ ಕಾರ್ಖಾನೆ 1955ರಲ್ಲಿ ಶುರುವಾಯಿತು. ಅಲ್ಲಿ ತಯಾರಾದ ಬೋಗಿಗಳಲ್ಲೇ ದೇಶ ದಶಕಗಟ್ಟಲೆ ಓಡಾಡಿತು. ಆ ಬೋಗಿಯ ಕಿಟಕಿಯ ಸರಳು, ಬಣ್ಣದ ಪಟ್ಟಿ, ಸೀಟಿನ ರೆಕ್ಸಿನ್ ಎಲ್ಲವನ್ನೂ ಕಂಪ್ಯೂಟರಿನಲ್ಲಿ ತರಬಹುದು. ಆದರೆ ಅದರ ಪಾಯಿಖಾನೆಯ ತೂತು ನೇರವಾಗಿ ಹಳಿಗೆ ತೆರೆದಿತ್ತಲ್ಲ? ನಿಲ್ದಾಣದ ಹಳಿಯ ಮೇಲೆ ಬಿದ್ದದ್ದನ್ನು ಬಳಿಯುತ್ತಿದ್ದವರು ಯಾರು, ಯಾವ ಕೇರಿಯವರು ಅಂತ ಬಿಡಿಸಿ ಹೇಳಬೇಕೆ? 2013ರ ಕಾನೂನು ಮಲ ಹೊರುವ ಕೆಲಸದ ವ್ಯಾಖ್ಯೆಯಲ್ಲಿ ರೈಲು ಹಳಿಯನ್ನೂ ಹೆಸರಿಸಬೇಕಾಗಿ ಬಂತು. ಆಟದ ಹಳಿ ಮಾತ್ರ ಯಾವಾಗಲೂ ಸ್ವಚ್ಛ. ಅಲ್ಲಿ ಯಾರೂ ಬಳಿಯುವುದಿಲ್ಲ, ಯಾಕೆಂದರೆ ಅಲ್ಲಿ ಏನೂ ಬೀಳುವುದಿಲ್ಲ.

ಹಾಗಾದರೆ ಅದನ್ನೂ ಆಟಕ್ಕೆ ಸೇರಿಸಿ ಅನ್ನುತ್ತೀವಾ? ಇಲ್ಲ. ಇಲ್ಲಿ ನಾವು ಎಚ್ಚರವಾಗಿರಬೇಕು. ಒಬ್ಬನ ಅವಮಾನವನ್ನು ಇನ್ನೊಬ್ಬ ಗುಂಡಿ ಒತ್ತಿ, ಅಂಕ ಗಳಿಸಿ, ಬೇಜಾರಾದಾಗ ಮುಚ್ಚಿಡುವಂತಾದರೆ ಅದು ಮರೆವಿಗಿಂತ ಹೇಯ. ನೆನಪಿಡಬೇಕಾದದ್ದೆಲ್ಲ ಆಡುವಂಥದ್ದಲ್ಲ. ಆದರೆ ಆಡಲಾಗದ್ದನ್ನು ಹೇಳಲೂಬಾರದು ಅಂತೇನಿಲ್ಲ. ಈ ಎರಡರ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದೇ ರೈಲು ಕಟ್ಟುವವನ ನೈತಿಕ ಪ್ರಶ್ನೆ.

ಎ.ಪಿ.ಟಿ. ವಂಶದ ಮುಂದಿನ ರೈಲೇ ಇದಕ್ಕೊಂದು ಪಾಠ ಹೇಳುತ್ತದೆ. 1981ರ ಡಿಸೆಂಬರಿನಲ್ಲಿ ಅದು ಜನರನ್ನು ಹೊತ್ತು ಗ್ಲಾಸ್ಗೋದಿಂದ ಲಂಡನ್ನಿಗೆ ಓಡಿತು. ಕೆಲವರಿಗೆ ಹೊಟ್ಟೆ ತೊಳಸಿತು. ಕಾರಣ, ರೈಲು ತೀರಾ ಚೆನ್ನಾಗಿ ವಾಲುತ್ತಿತ್ತು! ತಿರುವಿನ ಎಳೆತ ಮೈಗೆ ತಾಕದಂತೆ ಪೂರ್ತಿ ಅಳಿಸಿಹಾಕುತ್ತಿತ್ತು. ಕಿಟಕಿಯಾಚೆ ಭೂಮಿ ವಾಲಿದ್ದು ಕಣ್ಣಿಗೆ ಕಾಣುತ್ತಿತ್ತು, ಮೈಗೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ. ಒಂದಿಷ್ಟು ಎಳೆತ ಮೈಗೂ ಗೊತ್ತಾಗಲಿ ಅಂತ ವಾಲಿಕೆ ಕಡಿಮೆ ಮಾಡುವುದೇ ಇದಕ್ಕೆ ಮದ್ದು ಎಂದು ಆಮೇಲೆ ಕಂಡುಕೊಂಡರು. ಆಟವೂ ಹೀಗೇ ಅಲ್ಲವೆ? ಕಣ್ಣಿಗೆ ಎಲ್ಲವನ್ನೂ ಕೊಟ್ಟು ಮೈಗೆ ಏನನ್ನೂ ತಾಕಿಸುವುದಿಲ್ಲ. ಚರಿತ್ರೆಯ ಎಳೆತ ಒಂದಿಷ್ಟಾದರೂ ನಮಗೆ ತಾಕಬೇಕು.

ಅದು ಕಷ್ಟದ ಕೆಲಸವೇನಲ್ಲ. ಈ ಆಟಗಳಲ್ಲಿ ಆಡುವವರಿಗಾಗಿ ಸನ್ನಿವೇಶ ಬರೆಯುವ ಸೌಲಭ್ಯವಿದೆ. ಎ.ಪಿ.ಟಿ.-ಇ ಸೇರಿಸುವವರು ವೇಗದ ದಾಖಲೆಯ ಓಟದ ಜೊತೆಗೆ 1972ರ ಒಂದು ಸನ್ನಿವೇಶವನ್ನೂ ಬರೆಯಲಿ. ಅದರಲ್ಲಿ ರೈಲು ಹೊರಡದೆ ನಿಂತಿರಲಿ. ಯಾಕೆ ನಿಂತಿದೆ ಅಂತ ಹತ್ತು ಸಾಲು ವಿವರಣೆಯಿರಲಿ. ಕಲ್ಲಿದ್ದಲ ಎಂಜಿನ್ ಕಟ್ಟುವವರು ಫೈರ್‌ಮನ್‌ನ ದುಡಿಮೆಯನ್ನು ಎರಡು ಮಾತಿನಲ್ಲಾದರೂ ಬರೆಯಲಿ. ನಮ್ಮ ಬೋಗಿ ಕಟ್ಟುವವರು ಹಳಿ ಬಳಿದವರ ವಿಷಯ ಮರೆಯದಿರಲಿ.

ಹಳ್ಳಿಯ ಶಾಲೆಗಳಿಗೂ ಕಂಪ್ಯೂಟರು ಬಂದಿವೆ. ಮೇಷ್ಟ್ರುಗಳೇ, ಇಂಥ ಆಟವನ್ನು ಹುಡುಗರು ಆಡಿದರೆ ಆಡಲಿ ಬಿಡಿ, ಕಸಿದುಕೊಳ್ಳಬೇಡಿ. ಪಕ್ಕದಲ್ಲಿ ಕೂತು ಒಂದೇ ಒಂದು ಪ್ರಶ್ನೆ ಕೇಳಿ: 'ಈ ಗಾಡಿ ಓಡೋಕೆ ಇನ್ನೂ ಯಾರ್ಯಾರು ಬೇಕಿತ್ತಪ್ಪಾ?' ಅವರು ಎಣಿಸಲು ಶುರು ಮಾಡಲಿ.